ದಾರಿಯಲ್ಲಿ ಬೈಸಿಕಲ್ಲಿನ ಪಾಲು

ಬೈಸಿಕಲ್ಲಿನಂಥ ಸಾಮಾನ್ಯ ವಸ್ತುವನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುವುದು ಉಚಿತವೆ ಎಂದು ಕೆಲವು ಮಿತ್ರರು ಕೇಳಬಹುದು. ಬೆಳಿಗ್ಗೆ ಒಂಬತ್ತೂವರೆಯ ವೇಳೆಗೆ ನಮ್ಮ ಕಾಲೇಜಿನ ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತರೆ ಈ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ. ಸಮಯಕ್ಕೆ ಸರಿಯಾಗಿ ಬಸ್ಸು ಬಾರದ ಹಳ್ಳಿಗಳಿಂದ ಐದಾರು ಮೈಲಿ ತುಳಿದುಕೊಂಡು ಬರುವವರು ಇಂದಿಗೂ ನಮ್ಮಲ್ಲಿ ಇದ್ದಾರೆ. ಅವರಲ್ಲಿ ಹಲವರ ಸೈಕಲ್ಲು ಎಂಟನೆಯ ತರಗತಿಯಲ್ಲಿದ್ದಾಗ ಸರ್ಕಾರದಿಂದ ಬಂದದ್ದು. 2006-07ರಲ್ಲಿ ಆರಂಭವಾಗಿ 2020ರ ಸಾಂಕ್ರಾಮಿಕದ ಕಾಲದಲ್ಲಿ ನಿಂತ ಆ ಯೋಜನೆ ಇಲ್ಲದಿದ್ದರೆ, ಮನೆಯಲ್ಲಿ ಮೊದಲ ಬಾರಿಗೆ ಪದವಿ ತರಗತಿಯ ಮುಖ ಕಂಡ ನನ್ನಂಥ ಎಷ್ಟೋ ಮಂದಿ, ಅದರಲ್ಲಿಯೂ ಹುಡುಗಿಯರು, ಏಳನೆಯ ತರಗತಿಗೇ ಓದಿಗೆ ಶರಣು ಹೊಡೆಯಬೇಕಾಗುತ್ತಿತ್ತು. ಸರ್ಕಾರ ಸೈಕಲ್ಲನ್ನೇನೋ ಕೊಟ್ಟಿತು. ಆದರೆ ಅದು ಸಾಗಬೇಕಾದ ದಾರಿಯಲ್ಲಿ ಅದಕ್ಕೆ ಸಲ್ಲುವ ಪಾಲನ್ನು ಯಾರು ಕೊಡಬೇಕು? ಈ ಲೇಖನದ ವಿಷಯ ಅದೇ.

2022ರಲ್ಲಿ ಭಾರತದ ರಸ್ತೆಗಳಲ್ಲಿ ಅಪಘಾತದಿಂದ ಮಡಿದವರು 1,68,491 ಮಂದಿ. ಇದು ಕೇಂದ್ರ ಸರ್ಕಾರದ ಲೆಕ್ಕ. ಇವರಲ್ಲಿ ಸೈಕಲ್ ಸವಾರರು ನೂರಕ್ಕೆ ಸುಮಾರು ಮೂರು. ಮೂರು ಎಂದರೆ ಅಲ್ಪವೆನಿಸುತ್ತದೆ. ಎಣಿಸಿದರೆ ನಾಲ್ಕೂವರೆ ಸಾವಿರಕ್ಕೂ ಮೀರುತ್ತದೆ. ಇವರಲ್ಲಿ ವೇಗದ ಹುಚ್ಚಿನಿಂದ ಸತ್ತವರು ಎಷ್ಟು ಜನ ಇರಬಹುದು? ಸೈಕಲ್ಲಿಗೆ ಇರುವ ವೇಗವಾದರೂ ಎಷ್ಟು!

ಮೋಟಾರು ನಡೆಸುವವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: "ಸೈಕಲ್ಲಿನವನು ನೆಟ್ಟಗೆ ಹೋಗುವುದೇ ಇಲ್ಲ, ಇದ್ದಕ್ಕಿದ್ದಂತೆ ಅಡ್ಡ ಬರುತ್ತಾನೆ." ಈ ಮಾತು ಅರ್ಧ ನಿಜ. ಸೈಕಲ್ಲು ನೆಟ್ಟಗೆ ಹೋಗುವುದಿಲ್ಲ. ಹೋಗಲು ಅದರಿಂದ ಸಾಧ್ಯವೂ ಇಲ್ಲ. ಎರಡು ಚಕ್ರದ ಗಾಡಿ ತಾನಾಗಿ ನಿಲ್ಲುವ ವಸ್ತುವಲ್ಲವಷ್ಟೆ. ಅದು ಕ್ಷಣಕ್ಷಣಕ್ಕೂ ಎಡಕ್ಕೋ ಬಲಕ್ಕೋ ಬೀಳುತ್ತಿರುತ್ತದೆ. ಯಾವ ಕಡೆಗೆ ಬೀಳುತ್ತದೆಯೋ ಆ ಕಡೆಗೆ ಹ್ಯಾಂಡಲನ್ನು ಸ್ವಲ್ಪ ತಿರುಗಿಸಿ ಸವಾರನು ಅದನ್ನು ಎತ್ತಿ ನಿಲ್ಲಿಸುತ್ತಿರುತ್ತಾನೆ. ಅಭ್ಯಾಸವಾದವನಿಗೆ ಇದು ತಿಳಿಯುವುದೇ ಇಲ್ಲ. ಒದ್ದೆ ನೆಲದ ಮೇಲೆ ಸೈಕಲ್ಲು ಬಿಟ್ಟುಹೋದ ಗೆರೆಯನ್ನು ನೋಡಿದವರಿಗೆ ಮಾತ್ರ ಅದು ಹಾವು ಹರಿದಂತೆ ಇರುವುದು ಕಾಣುತ್ತದೆ. ವೇಗ ಕಡಿಮೆಯಾದಷ್ಟೂ ಈ ತೂಗಾಟ ಹೆಚ್ಚು. ದಿಣ್ಣೆ ಏರುವಾಗ, ಕ್ಯಾರಿಯರಿನ ಮೇಲೆ ಮೂಟೆ ಇದ್ದಾಗ, ಎದುರುಗಾಳಿ ಬೀಸಿದಾಗ ಇನ್ನೂ ಹೆಚ್ಚು. ಹಿಂದೆ ಏನು ಬರುತ್ತಿದೆ ಎಂದು ಕತ್ತು ಹೊರಳಿಸಿ ನೋಡಿದರೆ ಸೈಕಲ್ಲು ನೋಡಿದ ಕಡೆಗೇ ವಾಲುತ್ತದೆ. ಆದುದರಿಂದ ಜೋರಾಗಿ ಹಾರನ್ನು ಒತ್ತಿ ಸವಾರನನ್ನು ಬೆಚ್ಚಿಬೀಳಿಸುವ ಚಾಲಕನು, ಯಾವುದಕ್ಕೆ ಹೆದರಬೇಕೋ ಅದನ್ನು ತಾನೇ ಕರೆದಂತಾಗುತ್ತದೆ.

ಇನ್ನು ಗುಂಡಿಯ ಮಾತು. ಕಾರಿನ ಚಕ್ರ ಗುಂಡಿಗೆ ಇಳಿದರೆ ಒಳಗಿರುವವರಿಗೆ ಸೊಂಟ ನೋಯುತ್ತದೆ. ಸೈಕಲ್ಲಿನ ಚಕ್ರ ಇಳಿದರೆ ಸವಾರನು ನೆಲಕ್ಕೆ ಬೀಳುತ್ತಾನೆ. ಆದಕಾರಣ ಅವನು ಗುಂಡಿಯನ್ನು ತಪ್ಪಿಸಿಯೇ ತೀರಬೇಕು, ತಪ್ಪಿಸಲು ಬಲಕ್ಕೇ ಬರಬೇಕು. "ಎಡಕ್ಕೆ ಇಳಿಯಬಾರದೆ?" ಎಂದು ಕೇಳುವವರು ನಮ್ಮ ರಸ್ತೆಗಳ ಅಂಚನ್ನು ನೋಡಿಲ್ಲ. ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಹಾಕುತ್ತ ಹಾಕುತ್ತ ಅಂಚು ಮಣ್ಣಿಗಿಂತ ಗೇಣಿನಷ್ಟು ಮೇಲೆ ನಿಂತಿದೆ. ಇಳಿದ ಸೈಕಲ್ಲು ಮತ್ತೆ ಹತ್ತಲಾರದು. ಓರೆಯಾಗಿ ಹತ್ತಿಸಲು ಹೋದರೆ ಚಕ್ರ ಅಂಚಿಗೆ ಉಜ್ಜಿ ಸವಾರನನ್ನು ರಸ್ತೆಯ ಒಳಕ್ಕೇ ಕೆಡವುತ್ತದೆ, ಅಂದರೆ ಹಿಂದೆ ಬರುವ ಲಾರಿಯ ಮುಂದಕ್ಕೆ. ಕಬ್ಬು ಅರೆಯುವ ಕಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರಾಕ್ಟರುಗಳ ಪಕ್ಕದಲ್ಲಿ ಈ ಅಂಚಿನ ಮೇಲೆ ಸಾಗಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಸೈಕಲ್ಲನ್ನು ದಾಟುವಾಗ ಎಷ್ಟು ಜಾಗ ಬಿಡಬೇಕು? ಬ್ರಿಟನ್ನಿನಲ್ಲಿ 2022ರ ಜನವರಿ 29ರಿಂದ ಜಾರಿಗೆ ಬಂದ ಸಂಚಾರ ಸಂಹಿತೆ, ಗಂಟೆಗೆ 30 ಮೈಲಿಯವರೆಗಿನ ವೇಗದಲ್ಲಿ ಕನಿಷ್ಠ ಒಂದೂವರೆ ಮೀಟರು ಎನ್ನುತ್ತದೆ. ವೇಗ ಹೆಚ್ಚಿದರೆ ಜಾಗವೂ ಹೆಚ್ಚಬೇಕು. ಫ್ರಾನ್ಸಿನಲ್ಲಿ ಊರೊಳಗೆ ಒಂದು ಮೀಟರು, ಊರ ಹೊರಗೆ ಒಂದೂವರೆ. ಈ ಲೆಕ್ಕವನ್ನು ನಮ್ಮ ಹಳ್ಳಿಯ ದಾರಿಗೆ ಹಚ್ಚಿ ನೋಡೋಣ. ಗ್ರಾಮೀಣ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರು. ಬಸ್ಸಿನ ಅಗಲ ಸುಮಾರು ಎರಡೂವರೆ ಮೀಟರು. ಉಳಿಯುವುದು ಒಂದೂಕಾಲು ಮೀಟರು. ಅದರಲ್ಲಿ ಸೈಕಲ್ಲಿನ ಹ್ಯಾಂಡಲೇ ಅರ್ಧ ಮೀಟರಿಗಿಂತ ಹೆಚ್ಚನ್ನು ನುಂಗುತ್ತದೆ. ಎಂದರೆ ಅಂಥ ದಾರಿಯಲ್ಲಿ ಸಾಗುತ್ತಿರುವ ಸೈಕಲ್ಲನ್ನು ಬಸ್ಸು ಕ್ಷೇಮವಾಗಿ ದಾಟುವಂತೆಯೇ ಇಲ್ಲ. ಅಗಲವಾದ ಜಾಗ ಬರುವವರೆಗೆ ಕಾಯಬೇಕು. ಕಾದರೆ ಆಗುವ ನಷ್ಟವೇನು? ಆ ಜಾಗ ಇನ್ನೂರು ಮೀಟರು ಮುಂದಿದೆ ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿಲೋಮೀಟರು ಹೋಗುವ ಬಸ್ಸು 15 ಕಿಲೋಮೀಟರಿನ ಸೈಕಲ್ಲಿನ ಹಿಂದೆ ಅಷ್ಟು ದೂರ ಬಂದರೆ ಕಳೆದುಕೊಳ್ಳುವುದು ಅರ್ಧ ನಿಮಿಷ. ನಮ್ಮ ಬಸ್ಸುಗಳು ಒಂದೊಂದು ನಿಲ್ದಾಣದಲ್ಲಿ ಸುಮ್ಮನೆ ನಿಂತು ಕಳೆಯುವ ಹೊತ್ತನ್ನು ಬಲ್ಲವರು ಈ ಅರ್ಧ ನಿಮಿಷಕ್ಕಾಗಿ ಅಳಲಾರರು.

ಲೆಕ್ಕ ಶುರುಮಾಡಿದ ಮೇಲೆ ಇನ್ನೊಂದನ್ನೂ ಮಾಡಿಬಿಡುತ್ತೇನೆ. ನಾನು ಕಲಾವಿಭಾಗದವನು; ಹೈಸ್ಕೂಲಿನ ವಿಜ್ಞಾನವೇ ನನ್ನ ಬಂಡವಾಳ. ಆದರೂ ಇದಕ್ಕೆ ಅಷ್ಟು ಸಾಕು. ವೇಗ ಇಮ್ಮಡಿಯಾದರೆ ವಾಹನದ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡು ಬೇಕೆಂದು ಇಟ್ಟುಕೊಳ್ಳೋಣ. ಗಂಟೆಗೆ 30 ಕಿಲೋಮೀಟರಿನಲ್ಲಿ ಬರುವ ಒಳ್ಳೆಯ ಕಾರು ಆ ಒಂದು ಸೆಕೆಂಡಿನಲ್ಲಿ ಎಂಟು ಮೀಟರು ಚಲಿಸಿ, ಒಣ ಡಾಂಬರಿನ ಮೇಲೆ ಮತ್ತೆ ಐದು ಮೀಟರಿನಲ್ಲಿ ನಿಲ್ಲುತ್ತದೆ, ಒಟ್ಟು ಹದಿಮೂರು. 60 ಕಿಲೋಮೀಟರಿನಲ್ಲಿ ಬರುವ ಅದೇ ಕಾರು ಆ ಮೊದಲ ಸೆಕೆಂಡಿನಲ್ಲಿಯೇ ಹದಿನೇಳು ಮೀಟರು ಹೋಗಿರುತ್ತದೆ. ನಿಲ್ಲಲು ಇನ್ನೂ ಇಪ್ಪತ್ತು ಬೇಕು. ಹದಿನೈದು ಮೀಟರು ಮುಂದೆ ಒಬ್ಬ ಹುಡುಗಿ ಸೈಕಲ್ಲಿನಿಂದ ಬಿದ್ದಳೆನ್ನಿ. ಮೊದಲನೆಯ ಕಾರು ಅವಳ ಈಚೆಗೆ ನಿಲ್ಲುತ್ತದೆ. ಎರಡನೆಯದು ಬ್ರೇಕು ಹಿಡಿಯುವುದಕ್ಕೆ ಮೊದಲೇ, 60 ಕಿಲೋಮೀಟರಿನ ಪೂರ್ಣ ವೇಗದಿಂದಲೇ ಅವಳನ್ನು ಬಡಿಯುತ್ತದೆ. ಆ ಚಾಲಕನು "ಬ್ರೇಕು ಹಾಕಿದೆ ಸ್ವಾಮಿ, ಹಿಡಿಯಲಿಲ್ಲ" ಎಂದು ಹೇಳುವುದು ಸುಳ್ಳಲ್ಲದಿರಬಹುದು. ಆದರೆ ಅವನ ತಪ್ಪು ಬ್ರೇಕಿನಲ್ಲಿ ಆದದ್ದಲ್ಲ, ಅದಕ್ಕೂ ಮೊದಲೇ ಆದದ್ದು.

ಇದರಿಂದ ಹೊರಡುವ ವಿಚಾರ ಇಷ್ಟೆ. ಸೈಕಲ್ಲೂ ಸವಾರನೂ ಸೇರಿ ಎಂಬತ್ತು ಕಿಲೋ ತೂಗಬಹುದು. ಜನ ತುಂಬಿದ ಬಸ್ಸು ಹದಿನೈದು ಸಾವಿರ ಕಿಲೋದ ಹತ್ತಿರ ಬರುತ್ತದೆ. ಇಬ್ಬರೂ ತಪ್ಪು ಮಾಡಬಲ್ಲರು. ಆದರೆ ಸೈಕಲ್ಲಿನವನ ತಪ್ಪಿಗೆ ಅವನೇ ಸಾಯುತ್ತಾನೆ, ಬಸ್ಸಿನವನ ತಪ್ಪಿಗೂ ಅವನೇ ಸಾಯುತ್ತಾನೆ. ಹೀಗಿರುವಾಗ "ಇಬ್ಬರೂ ಸಮನಾಗಿ ಎಚ್ಚರವಾಗಿರಬೇಕು" ಎಂಬ ಮಾತು ಕೇಳಲು ನ್ಯಾಯವಾಗಿದ್ದರೂ ತೂಕಕ್ಕೆ ಹಾಕಿದರೆ ನಿಲ್ಲುವುದಿಲ್ಲ. ಹಾನಿ ಮಾಡುವ ಬಲ ಯಾರಲ್ಲಿ ಹೆಚ್ಚಿದೆಯೋ ಹೊಣೆಯೂ ಅವರ ಮೇಲೆ ಹೆಚ್ಚಾಗಿರಬೇಕು.

ಹಾಗೆಂದು ಸವಾರನಿಗೆ ಕರ್ತವ್ಯವೇ ಇಲ್ಲವೆಂದಲ್ಲ. ರಾತ್ರಿ ದೀಪವಾಗಲಿ ಹಿಂದಿನ ಕೆಂಪು ಗಾಜಾಗಲಿ ಇಲ್ಲದೆ ಹೋಗುವುದು, ಹತ್ತಿರವಾಗುತ್ತದೆಂದು ರಸ್ತೆಯ ಬಲಬದಿಯಲ್ಲಿ ಎದುರಾಗಿ ಬರುವುದು, ಕಿವಿಗೆ ಇಯರ್‌ಫೋನು ತುರುಕಿಕೊಳ್ಳುವುದು, ಇವು ಯಾವುವೂ ಸಮರ್ಥನೀಯವಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಪುರಸಭೆಗೆ ತೆರಿಗೆ ಕಟ್ಟಿ ಸೈಕಲ್ಲಿಗೆ ಬಿಲ್ಲೆ ಹಾಕಿಸಬೇಕಾಗಿತ್ತಂತೆ. ದೀಪವಿಲ್ಲದೆ ಹೋದರೆ ಪೋಲೀಸಿನವರು ಚಕ್ರದ ಗಾಳಿ ಬಿಡುತ್ತಿದ್ದರಂತೆ. ಆ ಸೈಕಲ್ ದೀಪದ ಮೇಲಿದ್ದ ಕಟ್ಟುನಿಟ್ಟು ಇಂದು ಎದುರಿನವನ ಕಣ್ಣು ಕುಕ್ಕುವ ಕಾರಿನ ದೀಪದ ಮೇಲೆ ಇದ್ದಿದ್ದರೆ ಚೆನ್ನಾಗಿತ್ತು. ಆ ಬೆಳಕು ಕಣ್ಣಿಗೆ ಬಿದ್ದ ಮೇಲೆ ಕೆಲವು ಸೆಕೆಂಡುಗಳ ಕಾಲ ಸವಾರನಿಗೆ ಗುಂಡಿಯೂ ಕಾಣದು, ಅಂಚೂ ಕಾಣದು.

ಎಡಕ್ಕೆ ತಿರುಗುವ ಲಾರಿಯ ವಿಷಯವನ್ನು ಸವಾರರಾದ ಗೆಳೆಯರು ಮುಖ್ಯವಾಗಿ ತಿಳಿದಿರಬೇಕು. ಉದ್ದನೆಯ ಗಾಡಿ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತವೆ. ಮುಂಭಾಗ ದಾಟಿತೆಂದು ಎಡಬದಿಯಲ್ಲಿ ನಿಂತವನನ್ನು ಹಿಂಭಾಗ ಸೆಳೆದುಕೊಳ್ಳುತ್ತದೆ. ಎತ್ತರದಲ್ಲಿ ಕುಳಿತ ಚಾಲಕನಿಗೆ ತನ್ನ ಎಡಬಾಗಿಲ ಕೆಳಗೆ ನಿಂತ ಸೈಕಲ್ಲು ಕಾಣದಿರುವುದೇ ಹೆಚ್ಚು. ಲಾರಿಯ ಎಡಕ್ಕೆ ನುಗ್ಗಬೇಡಿ, ಹಿಂದೆಯೇ ನಿಲ್ಲಿ.

ಈಗ ಕಾನೂನಿಗೆ ಬರೋಣ. ಇದನ್ನು ತಿಳಿಯದೆ ಆಗುವ ನಷ್ಟಕ್ಕೆ ನಮ್ಮೂರಿನ ಒಂದು ಉದಾಹರಣೆ ಇದೆ. ದೂರದ ಸಂಬಂಧದಲ್ಲಿ ನನಗೆ ಚಿಕ್ಕಪ್ಪನಾಗಬೇಕಾದವರೊಬ್ಬರು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹಾಲು ಹಾಕುತ್ತಿದ್ದರು. 2023ರ ಮಳೆಗಾಲದಲ್ಲಿ ನೀರು ನಿಂತ ಗುಂಡಿಯನ್ನು ಬಳಸಿಕೊಂಡು ಹೋಗುವಾಗ ಹಿಂದಿನಿಂದ ಬಂದ ಒಂದು ಕಾರು ತಾಕಿ ಅವರ ತೊಡೆಯ ಮೂಳೆ ಮುರಿಯಿತು. ಸೇರಿದ ಜನ, "ಸೈಕಲ್ಲಿನವನೇ ಅಡ್ಡ ಬಂದದ್ದು" ಎಂದು ಅಲ್ಲಿಯೇ ತೀರ್ಪು ಕೊಟ್ಟರು. ಕಾರಿನವರು ಐದು ಸಾವಿರ ರೂಪಾಯಿ ಕೈಗಿಟ್ಟು ಹೊರಟುಹೋದರು. ಆಸ್ಪತ್ರೆಗೆ ಖರ್ಚಾದದ್ದು ಅದರ ಹಲವು ಪಟ್ಟು. ದೂರು ಏಕೆ ಕೊಡಲಿಲ್ಲವೆಂದು ಕೇಳಿದರೆ ಚಿಕ್ಕಪ್ಪ, "ಸೈಕಲ್‌ಗೆ ಎಲ್ಲೈತಪ್ಪ ಇನ್ಸೂರೆನ್ಸು? ಯಾರ್ ಕೊಟ್ಟಾರು?" ಎಂದರು.

ಸೈಕಲ್ಲಿಗೆ ವಿಮೆ ಇರಬೇಕಾಗಿಯೇ ಇಲ್ಲ. ಗುದ್ದಿದ ವಾಹನಕ್ಕೆ ಇರಬೇಕು. 1988ರ ಮೋಟಾರು ವಾಹನ ಕಾಯಿದೆಯು ಪ್ರತಿಯೊಂದು ಮೋಟಾರು ವಾಹನಕ್ಕೂ ಅನ್ಯರಿಗಾಗುವ ಹಾನಿಯ ವಿಮೆಯನ್ನು ಕಡ್ಡಾಯ ಮಾಡಿರುವುದು ಇದಕ್ಕಾಗಿಯೇ. 2019ರಲ್ಲಿ ತಿದ್ದುಪಡಿಯಾಗಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ 164ನೆಯ ಪ್ರಕರಣದಂತೆ, ವಾಹನದಿಂದ ಸಾವು ಸಂಭವಿಸಿದರೆ ಐದು ಲಕ್ಷ, ತೀವ್ರ ಗಾಯವಾದರೆ ಎರಡೂವರೆ ಲಕ್ಷ ರೂಪಾಯಿಗಳನ್ನು ಮಾಲೀಕನು ಅಥವಾ ವಿಮೆಯ ಕಂಪನಿ ಕೊಡಬೇಕು. ಚಾಲಕನದು ತಪ್ಪೆಂದು ಗಾಯಗೊಂಡವನು ಸಾಧಿಸಬೇಕಾದ ಅಗತ್ಯವೇ ಇಲ್ಲ. ಮೂಳೆ ಮುರಿದರೆ ಅದು ಕಾನೂನಿನ ದೃಷ್ಟಿಯಲ್ಲಿ ತೀವ್ರ ಗಾಯವೇ. ಅಡ್ಡ ಬಂದವನು ಯಾರು ಎಂಬ ಬೀದಿಯ ತೀರ್ಪಿಗೆ ಇಲ್ಲಿ ಬೆಲೆಯಿಲ್ಲ. ಚಾಲಕನ ತಪ್ಪನ್ನು ತೋರಿಸಿ ಇದಕ್ಕಿಂತ ಹೆಚ್ಚಿನ ಪರಿಹಾರವನ್ನು ಕೇಳುವ ದಾರಿಯೂ ಬೇರೆ ಇದೆ. ಐದು ಸಾವಿರಕ್ಕೂ ಎರಡೂವರೆ ಲಕ್ಷಕ್ಕೂ ಇರುವ ಅಂತರ ಒಂದು ಬಡ ಕುಟುಂಬಕ್ಕೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಆ ವರ್ಷವೇ ಅವರ ಮಗ ಪಿ.ಯು.ಸಿ. ಬಿಟ್ಟು ಗಾರೆ ಕೆಲಸಕ್ಕೆ ಹೋದ.

ಹೊರದೇಶಗಳಲ್ಲಿ ನೆದರ್ಲೆಂಡ್ಸ್ ಈ ವಿಚಾರದಲ್ಲಿ ಇನ್ನೂ ಮುಂದೆ ಹೋಗಿದೆ. ಅಲ್ಲಿ 1971ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ರಸ್ತೆಗಳಲ್ಲಿ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ಶಾಲೆಗೆ ಹೋಗುವ ದಾರಿಯಲ್ಲಿ ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರ ಲೇಖನದಿಂದ "ಮಕ್ಕಳ ಕೊಲೆ ನಿಲ್ಲಿಸಿ" ಎಂಬ ಚಳವಳಿ ಹುಟ್ಟಿತು, ತಾಯಿತಂದೆಗಳು ಬೀದಿಗಿಳಿದರು. ಅಲ್ಲಿನ 1994ರ ಸಂಚಾರ ಕಾಯಿದೆಯ 185ನೆಯ ವಿಧಿಯೂ ಅದರ ಮೇಲೆ ಬಂದ ತೀರ್ಪುಗಳೂ ಸೇರಿ, ಮೋಟಾರು ವಾಹನ ತಾಕಿ ಗಾಯಗೊಂಡ ಸೈಕಲ್ ಸವಾರನು ಹದಿನಾಲ್ಕು ವರ್ಷದೊಳಗಿನವನಾದರೆ ನಷ್ಟವನ್ನು ಬಹುಮಟ್ಟಿಗೆ ಪೂರ್ತಿಯಾಗಿಯೂ, ದೊಡ್ಡವನಾದರೆ ಸಾಮಾನ್ಯವಾಗಿ ಅರ್ಧಕ್ಕೆ ಕಡಿಮೆಯಿಲ್ಲದಂತೆಯೂ ವಾಹನದವರೇ ಹೊರುವಂತೆ ಮಾಡಿವೆ. ಇದು ಜೈಲಿನ ಮಾತಲ್ಲ, ಹಣದ ಹೊಣೆಯ ಮಾತು. ಇತ್ತೀಚಿನ ವರ್ಷಗಳಲ್ಲಿ ಆ ದೇಶದ ಒಟ್ಟು ರಸ್ತೆಸಾವುಗಳು ಏಳುನೂರರ ಆಸುಪಾಸಿಗೆ ಇಳಿದಿವೆ. ಕಾನೂನೊಂದರಿಂದಲೇ ಹೀಗಾಯಿತೆನ್ನಲಾಗದು; ಸೈಕಲ್ಲಿಗೆ ಬೇರೆ ಹಾದಿ ಮಾಡಿ, ಊರೊಳಗೆ ಕಾರಿನ ವೇಗವನ್ನು ಇಳಿಸಿದ್ದು ಅದಕ್ಕಿಂತ ದೊಡ್ಡ ಕೆಲಸ.

ನಮ್ಮಲ್ಲಿಯೂ ಬೇರ್ಪಡಿಸುವ ಪ್ರಯತ್ನವಿಲ್ಲದಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಮೋಟಾರ್ ಸೈಕಲ್ಲು, ಆಟೋ, ಟ್ರಾಕ್ಟರುಗಳನ್ನೂ ಮೋಟಾರಿಲ್ಲದ ಗಾಡಿಗಳನ್ನೂ ನಿಷೇಧಿಸಿ ಸರ್ವಿಸ್ ರಸ್ತೆಗೆ ಇಳಿಸಿದರು. ನೂರು ಕಿಲೋಮೀಟರಿನ ವೇಗವೂ ಸೈಕಲ್ಲೂ ಒಂದೇ ಪಥದಲ್ಲಿ ಇರಲಾಗದೆಂಬುದು ಸರಿಯೆ. ಆದರೆ ಆ ಸರ್ವಿಸ್ ರಸ್ತೆಯಲ್ಲಿ ಸುಂಕ ತಪ್ಪಿಸುವ ಕಾರು, ಲಾರಿಗಳೂ ಇಳಿದು ಓಡಿದರೆ ಸೈಕಲ್ಲು ಹೋಗಬೇಕಾದದ್ದು ಇನ್ನೆಲ್ಲಿಗೆ?

ಅಪಘಾತ ಕಣ್ಣೆದುರು ನಡೆದರೆ ನಮ್ಮಂಥ ವಿದ್ಯಾರ್ಥಿಗಳು ಮಾಡಬಹುದಾದದ್ದು ಇಷ್ಟು. ಮೊದಲು ವಾಹನದ ನಂಬರನ್ನು ಬರೆದುಕೊಳ್ಳಿ. ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸುವುದು 134ನೆಯ ಪ್ರಕರಣದಂತೆ ಚಾಲಕನ ಕರ್ತವ್ಯ. ಅವನು ಓಡಿಹೋದರೆ ನೀವು ಸೇರಿಸಿ. ಸದುದ್ದೇಶದಿಂದ ನೆರವಾದವನ ಮೇಲೆ ಮೊಕದ್ದಮೆ ಬೀಳದಂತೆ 134ಎ ಪ್ರಕರಣ ಕಾಪಾಡುತ್ತದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನಗಳ ಚಿಕಿತ್ಸೆಗೆ ಒಂದೂವರೆ ಲಕ್ಷ ರೂಪಾಯಿಗಳವರೆಗೆ ಗಾಯಾಳುವಿನಿಂದ ಹಣ ಕೇಳುವಂತಿಲ್ಲ. ಠಾಣೆಯಲ್ಲಿ ದೂರು ದಾಖಲಾಗುವವರೆಗೆ ರಸ್ತೆಯ ಬದಿಯ ಯಾವ ರಾಜಿಗೂ ಒಪ್ಪಬೇಡಿರೆಂದು ಮನೆಯವರಿಗೆ ಹೇಳಿ. ಗುದ್ದಿದವನು ಸಿಗದೆಯೇ ಹೋದರೂ 161ನೆಯ ಪ್ರಕರಣದ ಕೆಳಗೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿಗಳ ಪರಿಹಾರವಿದೆ. ಆದರೆ ಅದಕ್ಕೂ ಠಾಣೆಯ ಕಾಗದ ಬೇಕೇ ಬೇಕು.