ಶವರ್ ಕೊಳ್ಳುವ ಮುನ್ನ ಟ್ಯಾಂಕ್ ನೋಡಿ

ನಾಲ್ಕು ವರ್ಷಗಳ ಹಿಂದೆ ನಮ್ಮ ಮನೆಯ ಬಚ್ಚಲನ್ನು ಕೆಡವಿ ಹೊಸದಾಗಿ ಕಟ್ಟಿಸಿದೆವು. ಕೆಂಪುಕಲ್ಲಿನ ಹಳೆಯ ಮನೆ. ಹಂಡೆ, ಒಲೆ, ಮಸಿ ಹಿಡಿದ ಗೋಡೆ, ಮೂಲೆಯಲ್ಲೊಂದು ಒಗೆಯುವ ಕಲ್ಲು, ಇಷ್ಟೇ ನಮ್ಮ ಬಚ್ಚಲಾಗಿತ್ತು. ದೊಡ್ಡ ಮಗಳಿಗೆ ಮದುವೆ ನಿಶ್ಚಯವಾದಾಗ, ನೆಂಟರು ಬಂದುಹೋಗುವ ಮನೆ ಇನ್ನೂ ಹೀಗಿದ್ದರೆ ಹೇಗೆ ಎಂಬ ಚಿಂತೆ ಎಲ್ಲರಿಗೂ ಹತ್ತಿತು. ಪೇಟೆಯ ಅಂಗಡಿಗೆ ಹೋದೆವು. ಊಟದ ತಟ್ಟೆಯಷ್ಟು ಅಗಲದ ಶವರೊಂದನ್ನು ಅಲ್ಲಿ ಮಾಡಿನಿಂದ ಇಳಿಬಿಟ್ಟಿದ್ದರು. ಅಂಗಡಿಯವರು ತಿರುಗಣೆ ತಿರುಗಿಸಿದಾಗ ಜೂನ್ ತಿಂಗಳ ಮಳೆಯಂತೆ ನೀರು ಸುರಿಯಿತು. "ಉಮ್ಮಾ, ಇದೇ ಇರಲಿ" ಎಂದಳು ಮಗಳು. ನನಗೂ ಆಸೆಯಾಯಿತು. ಸುಳ್ಳೇಕೆ ಹೇಳಲಿ?

ಟೈಲ್ಸ್ ಹಾಕಿ, ಬಣ್ಣ ಬಳಿದು, ಶವರ್ ಕೂರಿಸಿದ ದಿನ ತಿರುಗಣೆ ತಿರುಗಿಸಿದೆವು. ಮಳೆ ಬರಲಿಲ್ಲ. ತಟ್ಟೆಯ ನಡುವಿನಿಂದ ಹತ್ತಿಪ್ಪತ್ತು ಎಳೆಗಳು ಜಿನುಗಿದವು. ಉಳಿದ ರಂಧ್ರಗಳಿಂದ ಹನಿ ತೊಟ್ಟಿಕ್ಕಿತು. ಪ್ಲಂಬರನ್ನು ಕೇಳಿದರೆ "ಶವರ್ ಸರಿಯಾಗಿಯೇ ಇದೆ, ನಿಮ್ಮ ನೀರಿಗೆ ಫೋರ್ಸ್ ಇಲ್ಲ" ಎಂದರು. ಅವರು ಹೇಳಿದ್ದು ನಿಜ. ಆದರೆ ಗೋಡೆ ಮುಚ್ಚುವ ಮೊದಲೇ ಹೇಳಬೇಕಾದ ಮಾತದು.

ಈ ನಷ್ಟವನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಿಕೊಳ್ಳಲಾಗದ ಸಂಗತಿ ಬೇರೆ. ನನ್ನ ಅತ್ತೆಗೆ ಆಗ 74 ವರ್ಷ, ಮಂಡಿ ಬಗ್ಗುತ್ತಿರಲಿಲ್ಲ. ಹಳೆಯ ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು, ಚೊಂಬಿನಿಂದ ನೀರು ಹೊಯ್ದುಕೊಂಡು ತಾವೇ ಸ್ನಾನ ಮಾಡುತ್ತಿದ್ದರು. ಹೊಸ ಬಚ್ಚಲಿನಲ್ಲಿ ನೀರು ಮೇಲಿನಿಂದಲೇ ಬರಬೇಕು. ಅದೂ ನಯವಾದ ಟೈಲ್ಸ್ ಮೇಲೆ ನಿಂತುಕೊಂಡು! ಒಮ್ಮೆ ಅವರು ಒಳಗಿದ್ದಾಗ ಅಡುಗೆಮನೆಯಲ್ಲಿ ನಾನು ನಲ್ಲಿ ತಿರುಗಿಸಿದೆ. ತಣ್ಣೀರು ಅತ್ತ ಹೋಯಿತು, ಇತ್ತ ಬರಿಯ ಬಿಸಿನೀರು ಅವರ ಭುಜದ ಮೇಲೆ ಬಿತ್ತು. ಅಂದಿನಿಂದ ಒಬ್ಬರೇ ಸ್ನಾನಕ್ಕೆ ಹೋಗಲು ಹೆದರಿದರು. ಐವತ್ತು ವರ್ಷ ಬಾಗಿಲು ಹಾಕಿಕೊಂಡು ಸ್ನಾನ ಮಾಡಿದ ಹೆಂಗಸು ಸೊಸೆಯ ಮುಂದೆ ಬಟ್ಟೆ ಸರಿಸಬೇಕಾಯಿತು. "ಪರವಾಗಿಲ್ಲ ಮಾಮಿ" ಎಂದರೆ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದರು. ದಿನಾ ಸ್ನಾನ ಮಾಡುತ್ತಿದ್ದವರು "ಇವತ್ತು ಬೇಡ, ಶೀತವಾಗಿದೆ" ಎನ್ನತೊಡಗಿದರು.

ನೀರಿನ ಬಲ ಎಲ್ಲಿಂದ ಬರುತ್ತದೆ?

ಅಂಗಡಿಯಲ್ಲಿ ಮಳೆ ಸುರಿಸಿದ್ದು ಶವರಲ್ಲ, ಮೇಜಿನ ಕೆಳಗಿದ್ದ ಪಂಪ್. ನಮ್ಮ ಮನೆಗಳಲ್ಲಿ ನೀರಿಗೆ ಬಲ ಬರುವುದು ಟ್ಯಾಂಕಿನ ಎತ್ತರದಿಂದ ಮಾತ್ರ. ಟ್ಯಾಂಕ್ 500 ಲೀಟರಿನದೋ 2000 ಲೀಟರಿನದೋ ಎಂಬುದರಿಂದ ಫೋರ್ಸ್ ಬದಲಾಗುವುದಿಲ್ಲ. ಟ್ಯಾಂಕಿನ ನೀರಿನ ಮಟ್ಟದಿಂದ ಶವರಿನ ಬಾಯಿಯವರೆಗೆ ಎಷ್ಟು ಅಡಿ ಎಂಬುದೇ ಲೆಕ್ಕ.

ಶವರಿನ ಪೆಟ್ಟಿಗೆಯ ಮೇಲೆ ಅಥವಾ ಒಳಗಿನ ಕಾಗದದಲ್ಲಿ ಅದಕ್ಕೆ ಬೇಕಾದ ಕನಿಷ್ಠ ಒತ್ತಡವನ್ನು 'ಬಾರ್' ಎಂಬ ಅಳತೆಯಲ್ಲಿ ಮುದ್ರಿಸಿರುತ್ತಾರೆ. ಒಂದು ಬಾರ್ ಎಂದರೆ ಹೆಚ್ಚುಕಡಿಮೆ 33 ಅಡಿ ಎತ್ತರದ ನೀರಿನ ಒತ್ತಡ. ನಮ್ಮದು ಒಂದೇ ಅಂತಸ್ತಿನ ಮನೆ. ತಾರಸಿ 10 ಅಡಿಯಲ್ಲಿದೆ, ಅದರ ಮೇಲೆ 3 ಅಡಿಯ ಕಟ್ಟೆ, ಕಟ್ಟೆಯ ಮೇಲೆ ಟ್ಯಾಂಕ್. ಶವರ್ ಇರುವುದು ನೆಲದಿಂದ 7 ಅಡಿಯಲ್ಲಿ. ಟ್ಯಾಂಕಿನ ತಳದಿಂದ ಲೆಕ್ಕ ಹಾಕಿದರೆ ಸಿಕ್ಕಿದ್ದು ಬರೀ 6 ಅಡಿ. ಅಂದರೆ ಒಂದು ಬಾರಿನ ಐದನೇ ಒಂದು ಪಾಲೂ ಇಲ್ಲ. ನಾವು ತಂದದ್ದು ಒಂದು ಬಾರ್ ಬೇಡುವ ಶವರು! ಈ ಕೂಡಿಸಿ ಕಳೆಯುವ ಲೆಕ್ಕ ಐದನೇ ತರಗತಿಯ ಮಕ್ಕಳಿಗೂ ಬರುತ್ತದೆ. ಅವರಿಗೆ ಪಾಠ ಹೇಳುವ ನನಗೆ ಅಂಗಡಿಯಲ್ಲಿ ಹೊಳೆಯಲಿಲ್ಲ.

ಎರಡು ಅಂತಸ್ತಿನ ಮನೆಯಾದರೆ ಕೆಳಗಿನ ಬಚ್ಚಲಿಗೆ ಹತ್ತು ಅಡಿ ಹೆಚ್ಚು ಸಿಗುತ್ತದೆ. ಅಗಲ ಶವರಿನ ಆಸೆಯಿದ್ದವರು ಅದನ್ನು ಕೆಳಗಿನ ಬಚ್ಚಲಿಗೇ ಹಾಕಿಸುವುದು ವಾಸಿ. ಟ್ಯಾಂಕಿನ ನೀರು ಕಡಿಮೆ ಬಲದಲ್ಲಿ ಬರುವಲ್ಲಿ ನಾಲ್ಕೈದು ಇಂಚಿನ, ಕಡಿಮೆ ರಂಧ್ರಗಳ ಶವರ್ ಚೆನ್ನಾಗಿ ಕೆಲಸ ಮಾಡುತ್ತದೆ. ಈಗಿರುವ ಬಚ್ಚಲಿನ ಬಲವನ್ನು ತಿಳಿಯಲು ಸುಲಭ ದಾರಿಯಿದೆ. ಶವರಿನ ಕೆಳಗೆ 10 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿ. ಒಂದು ನಿಮಿಷ, ಒಂದೂಕಾಲು ನಿಮಿಷದಲ್ಲಿ ತುಂಬಿದರೆ ಸ್ನಾನಕ್ಕೆ ಧಾರಾಳವಾಯಿತು. ಮೂರು ನಿಮಿಷ ಹಿಡಿದರೆ ಶವರ್ ಬದಲಿಸುವ ಮೊದಲು ಪೈಪನ್ನು ಪರೀಕ್ಷಿಸಿ. ಹಳೆಯ ಜಿಐ ಪೈಪು ಒಳಗೆ ತುಕ್ಕು ಬೆಳೆದು ಬೆರಳು ತೂರದಷ್ಟು ಕಿರಿದಾಗಿರುತ್ತದೆ. ಟ್ಯಾಂಕಿನಿಂದ ಒಂದಿಂಚು, ಬಚ್ಚಲಿನವರೆಗೆ ಮುಕ್ಕಾಲಿಂಚು, ಕೊನೆಯ ತುಂಡು ಮಾತ್ರ ಅರ್ಧ ಇಂಚು ಇರಲಿ. ಎಲ್ಬೋಗಳು ಕಡಿಮೆಯಾದಷ್ಟೂ ಒಳ್ಳೆಯದು. ಬಿಸಿನೀರಿನ ಸಾಲಿಗೆ ಸಿಪಿವಿಸಿ ಪೈಪೇ ಬೇಕು, ಸಾಧಾರಣ ಪಿವಿಸಿ ಮೆತ್ತಗಾಗುತ್ತದೆ.

ಪಂಪ್ ಹಾಕಿಸಬಹುದಲ್ಲ ಎಂದು ಕೇಳುವಿರಿ. ಹಾಕಿಸಬಹುದು. ಕರೆಂಟ್ ಹೋದಾಗ ಅದೂ ಹೋಗುತ್ತದೆ. ತಣ್ಣೀರಿಗೆ ಮಾತ್ರ ಪಂಪ್ ಇದ್ದು ಸೋಲಾರ್ ಬಿಸಿನೀರು ತನ್ನಷ್ಟಕ್ಕೆ ಇಳಿಯುತ್ತಿದ್ದರೆ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಎರಡೂ ಸಾಲಿಗೆ ಒಂದೇ ಬಲ ಇರಬೇಕು. ಹಳೆಯ ಪೈಪಿನ ಜೋಡಣೆಗಳು ಪಂಪಿನ ಒತ್ತಡಕ್ಕೆ ಸೋರಲೂಬಹುದು. ಇನ್ನು ನಗರಸಭೆಯ ನಲ್ಲಿಗೆ ನೇರವಾಗಿ ಪಂಪ್ ಜೋಡಿಸುವುದು ನೆರೆಮನೆಯವರ ಪಾಲಿನ ನೀರನ್ನು ಎಳೆದುಕೊಂಡಂತೆ. ಆ ಮಾತೇ ಬೇಡ.

ಬಿಸಿನೀರಿನ ಲೆಕ್ಕ

15 ಲೀಟರಿನ ಗೀಸರ್ ಇದ್ದರೆ ತಣ್ಣೀರು ಬೆರೆಸಿದ ಮೇಲೆ ಸಿಗುವುದು 30ರಿಂದ 40 ಲೀಟರ್ ಹದವಾದ ನೀರು. ನಿಮಿಷಕ್ಕೆ 8 ಲೀಟರ್ ಸುರಿಯುವ ಶವರಿನಡಿ ಅದು ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ. ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್ ಬಕೆಟ್ ತುಂಬಿಸಲು ಸರಿ, ಶವರಿಗೆ ಸಾಲದು. ಗೀಸರಿನ ನೀರು 60 ಡಿಗ್ರಿಯಲ್ಲಿದ್ದರೆ ಚರ್ಮ ಸುಡಲು ಕೆಲವೇ ಸೆಕೆಂಡು ಸಾಕು. ವೃದ್ಧರು, ಮಕ್ಕಳಿರುವ ಮನೆಯಲ್ಲಿ 50ರ ಆಸುಪಾಸಿಗೆ ಇಳಿಸಿಡಿ. ಮೊದಲು ತಣ್ಣೀರು ತಿರುಗಿಸಿ ಆಮೇಲೆ ಬಿಸಿನೀರು, ನಿಲ್ಲಿಸುವಾಗ ಮೊದಲು ಬಿಸಿನೀರು ಎಂದು ಮಕ್ಕಳಿಗೂ ಅಭ್ಯಾಸ ಮಾಡಿಸಿ. ಗ್ಯಾಸ್ ಗೀಸರನ್ನು ಮಾತ್ರ ಯಾವ ಕಾರಣಕ್ಕೂ ಬಚ್ಚಲಿನ ಒಳಗೆ ಇಡಬೇಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿ ಸ್ನಾನ ಮಾಡುತ್ತಿದ್ದವರು ಹಾಗೆಯೇ ಕುಸಿದು ಪ್ರಾಣಬಿಟ್ಟ ಎಷ್ಟೋ ಪ್ರಕರಣಗಳಿವೆ.

ಅಂಗಡಿಯಲ್ಲಿ ಹೊಳಪು ನೋಡಿ ಮರುಳಾಗದಿರಿ. ಹೊಳಪೆಲ್ಲ ಕ್ರೋಮ್ ಲೇಪನದ್ದು. ಕೆಳಗಿರುವುದು ಹಿತ್ತಾಳೆಯೋ, ಅಗ್ಗದ ಸತುವಿನ ಮಿಶ್ರಲೋಹವೋ, ಪ್ಲಾಸ್ಟಿಕ್ಕೋ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮಿಕ್ಸರ್, ನಲ್ಲಿಗಳು ಹಿತ್ತಾಳೆಯವಾದರೆ ಕೈಗೆ ಭಾರವಾಗಿರುತ್ತವೆ. ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣವಿದೆ, ಅಂಟದಿದ್ದ ಮಾತ್ರಕ್ಕೆ ಹಿತ್ತಾಳೆಯೇ ಎನ್ನಲಾಗದು, ಸತುವಿಗೂ ಅದು ಅಂಟುವುದಿಲ್ಲ. ಕೈಯಲ್ಲಿ ಹಿಡಿಯುವ ಹ್ಯಾಂಡ್ ಶವರ್ ಪ್ಲಾಸ್ಟಿಕ್ಕಿನದಾದರೂ ತೊಂದರೆಯಿಲ್ಲ, ಹಗುರವಾಗಿ ಅನುಕೂಲವೇ. ರಂಧ್ರಗಳಿಗೆ ಮೆತ್ತನೆಯ ಸಿಲಿಕಾನ್ ತುದಿ ಇರಲಿ. ಕೊಳವೆಬಾವಿಯ ಗಡಸು ನೀರಿನ ಸುಣ್ಣ ಕಟ್ಟಿದಾಗ ಬೆರಳಿನಿಂದ ಉಜ್ಜಿದರೆ ಉದುರುತ್ತದೆ. ಉದುರದಿದ್ದರೆ ರಾತ್ರಿ ವಿನೆಗರಿನಲ್ಲಿ ನೆನೆಹಾಕಿ. ಟಾಯ್ಲೆಟ್ ತೊಳೆಯುವ ಆಸಿಡ್ ತಾಗಿಸಿದರೆ ಲೇಪನವೇ ಏಳುತ್ತದೆ. ನಮ್ಮ ಕರಾವಳಿಯ ಬಾವಿಗಳಲ್ಲಿ ಕಬ್ಬಿಣದಂಶ ಹೆಚ್ಚಿರುವ ಕಡೆ ಬಿಳಿ ಟೈಲ್ಸ್ ಕಂದಾಗುವುದು ನಿಮಗೆ ಗೊತ್ತೇ ಇದೆ. ಅಲ್ಲಿ ಟ್ಯಾಂಕಿಗೇ ಫಿಲ್ಟರ್ ಬೇಕು.

ಗೋಡೆಯೊಳಗೆ ಹುದುಗಿಸುವ ಡೈವರ್ಟರ್ ನೋಡಲು ಚೆಂದ. ಆದರೆ ಹತ್ತು ವರ್ಷದ ನಂತರ ಅದರ ಬಿಡಿಭಾಗ ಸಿಗದಿದ್ದರೆ ಟೈಲ್ಸ್ ಒಡೆಯಬೇಕಾದೀತು. ಗೋಡೆಯ ಹೊರಗೆ ಕಾಣುವ ವಾಲ್ ಮಿಕ್ಸರಿನಲ್ಲಿ ಬಿಸಿ ತಣ್ಣೀರಿನ ಕೊಳವೆಗಳ ನಡುವೆ ಸಾಮಾನ್ಯವಾಗಿ 6 ಇಂಚು ಅಂತರ. ಯಾವ ಕಂಪೆನಿಯದನ್ನಾದರೂ ಬಿಚ್ಚಿ ಮತ್ತೊಂದನ್ನು ಕೂರಿಸಬಹುದು. ನನ್ನ ಮತ ಹೊರಗೆ ಕಾಣುವುದಕ್ಕೇ. ಯಾವುದನ್ನೇ ಹಾಕಿಸಿದರೂ ಟೈಲ್ಸ್ ಅಂಟಿಸುವ ಮೊದಲು ಪೈಪಿಗೆ ಒತ್ತಡ ಕೊಟ್ಟು ಸೋರುತ್ತದೆಯೇ ಎಂದು ಪರೀಕ್ಷಿಸಲು ಹೇಳಿ. ಪೈಪುಗಳು ಹೋದ ದಾರಿಯ ಫೋಟೊ ಮೊಬೈಲಿನಲ್ಲಿರಲಿ. ನಮ್ಮಲ್ಲಿ ಅದಿರಲಿಲ್ಲ. ಎರಡನೇ ಸಲ ಮೇಸ್ತ್ರಿ ಪೈಪು ಹುಡುಕುತ್ತಾ ಆರು ಟೈಲ್ಸ್ ಒಡೆದರು.

ಎರಡನೇ ಸಲ

ಮದುವೆ ಕಳೆದು ಎಂಟು ತಿಂಗಳಾದ ಮೇಲೆ ಮತ್ತೆ ಕೆಲಸ ಹಿಡಿಸಿದೆವು. ಈ ಬಾರಿ ಅಂಗಡಿಗೆ ಹೋಗುವ ಮೊದಲು ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಕೈ ಎಲ್ಲಿಯವರೆಗೆ ಚಾಚುತ್ತದೆ ಎಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಆ ಎತ್ತರಕ್ಕೆ ವಾಲ್ ಮಿಕ್ಸರ್ ಬಂತು. ಪಕ್ಕದ ಕಂಬಿಯಲ್ಲಿ ಮೇಲೆ ಕೆಳಗೆ ಸರಿಸಬಹುದಾದ ಹ್ಯಾಂಡ್ ಶವರ್ ಹಾಕಿಸಿದೆವು. ಅದು ಕೆಳಗಿದ್ದಾಗ ಟ್ಯಾಂಕಿನಿಂದ ಸಿಗುವ ಎತ್ತರವೂ ಹೆಚ್ಚು, ಆದ್ದರಿಂದ ನೀರು ಬಲವಾಗಿಯೇ ಬರುತ್ತದೆ. ಗೋಡೆಗೆ ಗಟ್ಟಿಯಾದ ಹಿಡಿಕೆ, ನೆಲಕ್ಕೆ ಜಾರದ ಒರಟು ಟೈಲ್ಸ್, ವುಝೂ ಮಾಡಲು ಮೊಣಕಾಲೆತ್ತರದಲ್ಲಿ ಬೇರೆ ನಲ್ಲಿ. ಬಚ್ಚಲಿನ ತಣ್ಣೀರಿಗೆ ಟ್ಯಾಂಕಿನಿಂದಲೇ ಪ್ರತ್ಯೇಕ ಸಾಲು ತಂದದ್ದರಿಂದ ಅಡುಗೆಮನೆಯ ನಲ್ಲಿಯ ಗೋಜಿಲ್ಲ. ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿಸಿದೆವು, ಒಳಗೆ ಬಿದ್ದರೆ ಬಾಗಿಲು ಒಡೆಯುವ ಹಾಗಿರಬಾರದಲ್ಲ.

ಹ್ಯಾಂಡ್ ಶವರಿನ ಇನ್ನೊಂದು ಲಾಭ ನಾವು ನಿರೀಕ್ಷಿಸಿರಲಿಲ್ಲ. ಸೋಪು ಹಚ್ಚುವಾಗ ನಿಲ್ಲಿಸಿಬಿಡುವ ಕಾರಣ ಅತ್ತೆಯ ಸ್ನಾನ 15 ಲೀಟರಿನಲ್ಲಿ ಮುಗಿಯುತ್ತದೆ. ತಲೆಯ ಮೇಲಿನ ಶವರನ್ನು ಹತ್ತು ನಿಮಿಷ ತೆರೆದಿಟ್ಟರೆ 80, 90 ಲೀಟರ್ ಹೋಗುತ್ತದೆ. ನಗರದಲ್ಲಿ ಒಬ್ಬರಿಗೆ ಇಡೀ ದಿನಕ್ಕೆ ಲೆಕ್ಕ ಹಾಕುವುದೇ 135 ಲೀಟರ್. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಜಲಮಂಡಳಿಯು ಅಪಾರ್ಟ್‌ಮೆಂಟ್, ಹೋಟೆಲುಗಳ ನಲ್ಲಿಗಳಿಗೆ ನೀರು ಉಳಿಸುವ ಏರೇಟರ್ ಕಡ್ಡಾಯ ಮಾಡಿದ್ದು ನೆನಪಿರಬಹುದು. ಪ್ರವಾದಿ(ಸ)ರವರ ಸ್ನಾನಕ್ಕೆ ಒಂದು ಸಾಅ್, ಅಂದರೆ ಇಂದಿನ ಮೂರು ಲೀಟರಿನ ಆಸುಪಾಸು ನೀರು ಸಾಕಾಗುತ್ತಿತ್ತೆಂದು ಮದ್ರಸಾದಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಶವರ್ ಆರಿಸುವಾಗ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಕೇಳಬೇಕೆಂಬುದು ಮಾತ್ರ ಇಷ್ಟು ತಡವಾಗಿ ಹೊಳೆಯಿತು.

ಈಗ ಅತ್ತೆ ಮಧ್ಯಾಹ್ನ ಝುಹರ್‌ಗೆ ಮೊದಲು ಟವೆಲು ಹೆಗಲಿಗೆ ಹಾಕಿಕೊಂಡು ತಾವೇ ಹೋಗುತ್ತಾರೆ. ಚಿಲಕ ಬೀಳುವ ಸದ್ದು ಅಡುಗೆಮನೆಗೆ ಕೇಳಿಸುತ್ತದೆ. ಆ ತಟ್ಟೆ ಶವರ್ ಒಂದು ವರ್ಷ ಅಟ್ಟದಲ್ಲಿತ್ತು. ಆಮೇಲೆ ಮಗಳು ತನ್ನ ಮನೆಗೆ ಒಯ್ದಳು. ಅವಳದು ಒತ್ತಡದ ಪಂಪ್ ಇರುವ ಫ್ಲ್ಯಾಟು. ಅಲ್ಲಿ ಅದು ಅಂಗಡಿಯಲ್ಲಿ ಸುರಿದಂತೆಯೇ ಸುರಿಯುತ್ತದಂತೆ.