ಸೀನುವ ಮನೆಗೊಂದು ಹೆಣ್ಣು ಮರಿ

ನಾಯಿ ಮರಿ ಮಾರುವವರ ಬಾಯಲ್ಲಿ ಈಗ ಒಂದು ಮಾತು ಸಲೀಸಾಗಿ ಬರುತ್ತದೆ: "ಇದು ಕೂದಲು ಉದುರಿಸಲ್ಲ ಸಾರ್, ಅಲರ್ಜಿ ಆಗೋದೇ ಇಲ್ಲ." ಪೂಡಲ್, ಶಿಟ್ಜು, ಮಾಲ್ಟೀಸ್ ಮರಿಗಳಿಗೆ ಕೊಡುವ ದುಡ್ಡಿನಲ್ಲಿ ಈ ಮಾತಿನ ಬೆಲೆಯೂ ಸೇರಿರುತ್ತದೆ. ಮಗುವಿಗೆ ಉಬ್ಬಸ, ಆ ಮಗುವಿಗೇ ನಾಯಿ ಬೇಕೆಂಬ ಹಟ. ಇಂಥ ಇಕ್ಕಟ್ಟಿನಲ್ಲಿರುವ ಅಪ್ಪ-ಅಮ್ಮನಿಗೆ ಈ ಮಾತನ್ನು ನಂಬುವುದೇ ಹಿತವೆನಿಸುತ್ತದೆ. ನಂಬಿ ತಂದ ಮರಿ ವರ್ಷ ತುಂಬುವುದರೊಳಗೆ ಯಾರದೋ ತೋಟದ ಮನೆ ಸೇರುವುದು, ಇಲ್ಲವೇ ಊರಾಚೆ ಬೀದಿಗೆ ಬೀಳುವುದು ನಮ್ಮಲ್ಲಿ ಅಪರೂಪವೇನಲ್ಲ. ಅದರಲ್ಲಿ ನಾಯಿಯ ತಪ್ಪಿಲ್ಲ, ಮಗುವಿನ ತಪ್ಪಂತೂ ಇಲ್ಲವೇ ಇಲ್ಲ. ಶಿವಮೊಗ್ಗ, ಭದ್ರಾವತಿಗಳ ಮನೆಗಳನ್ನು, ಇಲ್ಲಿನ ಹವೆಯನ್ನು ಕಣ್ಣಮುಂದಿಟ್ಟುಕೊಂಡು ಈ ಆಯ್ಕೆಯನ್ನು ಮೊದಲಿನಿಂದ ಯೋಚಿಸಬೇಕಿದೆ.

ಅಲರ್ಜಿ ಹುಟ್ಟಿಸುವುದು ಕೂದಲಲ್ಲ. ನಾಯಿಯ ಜೊಲ್ಲು, ಚರ್ಮದ ಹೊಟ್ಟು, ಮೂತ್ರ ಇವುಗಳಲ್ಲಿರುವ ಕೆಲವು ಪ್ರೋಟೀನುಗಳು. ನಾಯಿಯ ವೈಜ್ಞಾನಿಕ ಹೆಸರು ಕ್ಯಾನಿಸ್ ಫೆಮಿಲಿಯಾರಿಸ್; ಅದರಿಂದಲೇ ಈ ಪ್ರೋಟೀನುಗಳಿಗೆ ಕ್ಯಾನ್ ಎಫ್ 1, ಕ್ಯಾನ್ ಎಫ್ 2 ಎಂದು ಎಂಟರವರೆಗೂ ಹೆಸರಿಟ್ಟಿದ್ದಾರೆ. ಮೊದಲನೆಯದು ಮುಖ್ಯವಾದದ್ದು, ನಾಯಿ ಒಗ್ಗದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕೆ ಸ್ಪಂದಿಸುತ್ತಾರೆ. ನಾಯಿ ಮೈ ನೆಕ್ಕಿಕೊಂಡಾಗ ಜೊಲ್ಲು ರೋಮಕ್ಕೆ ಅಂಟಿ, ಒಣಗಿ, ಹೊಟ್ಟಿನ ಜೊತೆ ಉದುರುತ್ತದೆ. ಈ ಕಣಗಳಲ್ಲಿ ಒಂದು ಪಾಲು 5 ಮೈಕ್ರಾನಿಗಿಂತ ಚಿಕ್ಕವು. ಹಿಟ್ಟಿನ ಗಿರಣಿಯೊಳಗೆ ಹಿಟ್ಟು ಹಾರಾಡುವಂತೆ ಅವು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ, ಗೋಡೆಗೆ, ಪರದೆಗೆ, ಅಂಗಿಗೆ ಅಂಟುತ್ತವೆ. ಅಮೆರಿಕದಲ್ಲಿ ದೇಶದುದ್ದಕ್ಕೂ ಮನೆಗಳ ಧೂಳನ್ನು ಪರೀಕ್ಷಿಸಿದಾಗ ನಾಯಿಯೇ ಇಲ್ಲದ ಮನೆಗಳಲ್ಲೂ ಕ್ಯಾನ್ ಎಫ್ 1 ಸಿಕ್ಕಿತು. ನಾಯಿ ಸಾಕಿದವರ ಬಟ್ಟೆಯ ಮೇಲೆ ಅದು ಶಾಲೆಗೆ, ಬಸ್ಸಿಗೆ, ನೆಂಟರ ಮನೆಗೆ ಹೋಗುತ್ತದೆ.

ಈ ಪ್ರೋಟೀನು ಎಲ್ಲರ ಮೂಗಿಗೂ ಹೋಗುತ್ತದೆ, ಕೆಲವರಿಗೆ ಮಾತ್ರ ತೊಂದರೆ. ಅಂಥವರ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಕೊಂಡಿರುತ್ತದೆ. 1966ರ ಸುಮಾರಿಗೆ ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕ ದಂಪತಿ, ಅದೇ ಹೊತ್ತಿಗೆ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಇದನ್ನು ಬೇರೆಬೇರೆಯಾಗಿಯೇ ಕಂಡುಹಿಡಿದರು. ಐಜಿಇ ಅಂಟಿಕೊಂಡ ಮಾಸ್ಟ್ ಕೋಶಗಳಿಗೆ ಆ ಪ್ರೋಟೀನು ತಾಕಿದ ಕೂಡಲೇ ಹಿಸ್ಟಮಿನ್ ಹೊರಬೀಳುತ್ತದೆ. ಸೀನು, ಕಣ್ಣುರಿ, ತುರಿಕೆ, ದದ್ದು, ಕೆಲವರಿಗೆ ಉಬ್ಬಸ.

ಕೂದಲು ಉದುರದ ನಾಯಿಯ ಕತೆ ಶುರುವಾದದ್ದು ಒಂದು ಒಳ್ಳೆಯ ಉದ್ದೇಶದಿಂದ. ಹವಾಯಿಯಲ್ಲಿದ್ದ ದೃಷ್ಟಿದೋಷವುಳ್ಳ ಮಹಿಳೆಯೊಬ್ಬರಿಗೆ ದಾರಿ ತೋರುವ ನಾಯಿ ಬೇಕಿತ್ತು, ಗಂಡನಿಗೆ ನಾಯಿ ಅಲರ್ಜಿ. ಆಸ್ಟ್ರೇಲಿಯಾದಲ್ಲಿ ಅಂಧರಿಗಾಗಿ ನಾಯಿಗಳನ್ನು ಬೆಳೆಸುತ್ತಿದ್ದ ವಾಲಿ ಕಾನ್ರನ್ 1980ರ ದಶಕದ ಕೊನೆಗೆ ಲ್ಯಾಬ್ರಡಾರನ್ನೂ ಪೂಡಲನ್ನೂ ಕೂಡಿಸಿದರು. ಹುಟ್ಟಿದ ಮೂರು ಮರಿಗಳ ರೋಮ, ಜೊಲ್ಲುಗಳ ಮಾದರಿಯನ್ನು ಹವಾಯಿಗೆ ಕಳಿಸಿ ನೋಡಿದಾಗ ಆ ಗಂಡನಿಗೆ ಒಗ್ಗಿದ್ದು ಒಂದೇ ಮರಿ, ಸುಲ್ತಾನ್. ಒಂದೇ ಬಸಿರಿನ ಉಳಿದೆರಡು ಒಗ್ಗಲಿಲ್ಲ. ಇಡೀ ಕತೆಯಲ್ಲಿ ನೆನಪಿಡಬೇಕಾದದ್ದು ಇದನ್ನೇ. ಲೋಕ ಮಾತ್ರ "ಲ್ಯಾಬ್ರಡೂಡಲ್ ಅಲರ್ಜಿ ತರುವುದಿಲ್ಲ" ಎಂಬುದನ್ನಷ್ಟೇ ಹಿಡಿದುಕೊಂಡಿತು. ತಾನು ಶುರುಮಾಡಿದ್ದು ಇಂಥ ದಂಧೆಯಾಯಿತಲ್ಲ ಎಂದು ಕಾನ್ರನ್ ಮುಂದೆ ಬಹಿರಂಗವಾಗಿಯೇ ನೊಂದುಕೊಂಡರು.

ಮಾತನ್ನು ಅಳೆದು ನೋಡಿದವರೂ ಇದ್ದಾರೆ. 2011ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು ನಾಯಿಯಿದ್ದ 173 ಮನೆಗಳ ಧೂಳನ್ನು ಹೋಲಿಸಿದರು. "ಅಲರ್ಜಿ ತರದ" ತಳಿಗಳ ಮನೆಗೂ ಉಳಿದ ಮನೆಗೂ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ನೆದರ್ಲೆಂಡ್ಸ್‌ನವರು ರೋಮವನ್ನೇ ಪರೀಕ್ಷಿಸಿದಾಗ ಪೂಡಲ್, ಲ್ಯಾಬ್ರಡೂಡಲ್‌ಗಳ ರೋಮದಲ್ಲಿ ಕ್ಯಾನ್ ಎಫ್ 1 ಹೆಚ್ಚೇ ಇತ್ತು. ಒಂದೇ ತಳಿಯ ಎರಡು ನಾಯಿಗಳ ನಡುವೆ ಇರುವ ಅಂತರ ಎರಡು ತಳಿಗಳ ನಡುವಿನ ಅಂತರವನ್ನು ನುಂಗಿಹಾಕುವಷ್ಟು ದೊಡ್ಡದು. ಹಾಗಾಗಿ ಕೇಳಬೇಕಾದ್ದು "ಯಾವ ಜಾತಿ ನಾಯಿ?" ಎಂದಲ್ಲ. ಈ ನಾಯಿ ಗಂಡೋ ಹೆಣ್ಣೋ, ಇದರ ಚರ್ಮ ಹೇಗಿದೆ, ಇದು ನಮ್ಮ ಮನೆಯಲ್ಲಿ ಎಲ್ಲಿ ಮಲಗುತ್ತದೆ ಎಂದು.

ಗಂಡೋ ಹೆಣ್ಣೋ ಎಂಬುದು ಇಷ್ಟು ಮುಖ್ಯವೆಂದು ಬಹಳ ಜನರಿಗೆ ಗೊತ್ತಿಲ್ಲ. ಕ್ಯಾನ್ ಎಫ್ 5 ಎಂಬ ಪ್ರೋಟೀನು ಹುಟ್ಟುವುದು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ. ಮೂತ್ರದಲ್ಲಿ ಹೊರಬಂದು ರೋಮಕ್ಕೂ ನೆಲಕ್ಕೂ ಅಂಟುತ್ತದೆ. ಹೆಣ್ಣು ನಾಯಿಗೆ ಆ ಗ್ರಂಥಿಯೇ ಇಲ್ಲ. ಬೀಜ ತೆಗೆಸಿದ ಗಂಡಿನಲ್ಲಿ ಇದರ ಪ್ರಮಾಣ ಇಳಿಯುತ್ತದೆ. ನಾಯಿ ಒಗ್ಗದವರಲ್ಲಿ ಗಣನೀಯ ಪಾಲು ಮಂದಿಗೆ ಈ ಒಂದು ಪ್ರೋಟೀನು ಮಾತ್ರ ಒಗ್ಗದು. "ನನಗೆ ನಾಯಿ ಅಲರ್ಜಿ" ಎಂದುಕೊಂಡು ಬದುಕಿಡೀ ದೂರ ನಿಂತ ಅಂಥವರು ಹೆಣ್ಣು ನಾಯಿಯೊಂದಿಗೆ ಆರಾಮವಾಗಿ ಇರಬಲ್ಲರು. ಸಾಮಾನ್ಯ ಚರ್ಮ ಪರೀಕ್ಷೆ ಇದನ್ನು ಬೇರ್ಪಡಿಸಿ ಹೇಳಲಾರದು; ಪ್ರೋಟೀನುಗಳನ್ನು ಒಂದೊಂದಾಗಿ ನೋಡುವ ರಕ್ತ ಪರೀಕ್ಷೆ ಬೇಕು. ಅದು ಎಲ್ಲ ಊರಿನಲ್ಲೂ ಆಗುವಂಥದ್ದಲ್ಲ, ಆದರೆ ಅಲರ್ಜಿ ವೈದ್ಯರನ್ನು ಕೇಳಿ ನೋಡಲು ಅಡ್ಡಿಯಿಲ್ಲ. 2018ರಲ್ಲಿ ಸ್ವೀಡನ್ನಿನ ಸಂಶೋಧಕರು ನಾಯಿಯೊಂದಿಗೆ ಬೆಳೆದ 23 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ, ಹೆಣ್ಣು ನಾಯಿ ಮಾತ್ರ ಇದ್ದ ಮನೆಯ ಮಕ್ಕಳಲ್ಲಿ ಆಸ್ತಮಾದ ಸಂಭವ ಶೇ 16ರಷ್ಟು ಕಡಿಮೆ ಎಂದು ವರದಿ ಮಾಡಿದರು.

ನಮ್ಮೂರುಗಳಲ್ಲಿ ನಡೆಯುವುದೋ ಇದಕ್ಕೆ ತಿರುಗುಮುರುಗು. "ಹೆಣ್ಣು ಮರಿ ಬೇಡಪ್ಪ, ಮರಿ ಹಾಕುತ್ತೆ" ಎಂದು ಗಂಡನ್ನೇ ಆರಿಸುತ್ತಾರೆ. ಬೀದಿಯ ತಾಯಿನಾಯಿಯ ಸುತ್ತ ಕೊನೆಗೆ ಯಾರೂ ಒಯ್ಯದೆ ಉಳಿಯುವವು ಹೆಣ್ಣು ಮರಿಗಳೇ. ಅಲರ್ಜಿಯಿರುವ ಮನೆಗೆ ಹೆಚ್ಚು ಒಗ್ಗಬಹುದಾದದ್ದು ಅದೇ ಮರಿ. ಮರಿ ಹಾಕುವ ಚಿಂತೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಇದೆ. ಯಾವ ವಯಸ್ಸಿಗೆ ಮಾಡಿಸಬೇಕೆಂದು ಪಶುವೈದ್ಯರನ್ನು ಕೇಳಿದರೆ ಸಾಕು. ಶಿವಮೊಗ್ಗದಲ್ಲಂತೂ ಪಶುವೈದ್ಯಕೀಯ ಕಾಲೇಜೇ ಇದೆ.

ಎರಡನೆಯದು ಚರ್ಮ. ಹೊಟ್ಟು ಏಳುವ, ಜಿಡ್ಡುಗಟ್ಟುವ ಚರ್ಮರೋಗವಿದ್ದ ನಾಯಿಗಳ ಮೈಯಲ್ಲಿ ಕ್ಯಾನ್ ಎಫ್ 1 ಹೆಚ್ಚು ಎಂದು ಫ್ರಾನ್ಸಿನ ಅಧ್ಯಯನವೊಂದು 1999ರಲ್ಲಿ ತೋರಿಸಿದೆ. ಶಿವಮೊಗ್ಗದ ಮಳೆಗಾಲವನ್ನು ಇಲ್ಲಿ ನೆನೆಯಬೇಕು. ಆಗುಂಬೆಯ ಮಳೆ ನಗರಕ್ಕಿಲ್ಲ ನಿಜ, ಆದರೂ ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗದು, ಬೀರುವಿನೊಳಗೆ ಮುಗ್ಗಲು ವಾಸನೆ, ಚಪ್ಪಲಿಗೆ ಬೂಷ್ಟು. ಚಳಿದೇಶಕ್ಕೆಂದು ಬೆಳೆದ ದಟ್ಟ ರೋಮದ ಹಸ್ಕಿ, ಮೈತುಂಬ ಉದ್ದ ಕೂದಲಿನ ಶಿಟ್ಜು ಈ ಹವೆಯಲ್ಲಿ ಒದ್ದೆಯಾದರೆ ಬುಡದವರೆಗೆ ಒಣಗುವುದಿಲ್ಲ. ಕಿವಿ ಸೋರುತ್ತದೆ, ಫಂಗಸ್ ಹಿಡಿಯುತ್ತದೆ, ಉಣುಗು ಕಾಣದೆ ಕೂರುತ್ತದೆ. ನಾಯಿ ಕೆರೆದುಕೊಳ್ಳುತ್ತದೆ, ಹೊಟ್ಟು ಉದುರುತ್ತದೆ, ಮನೆಯವರು ಸೀನುತ್ತಾರೆ. ನಮ್ಮ ನಾಡ ನಾಯಿಯ ಗಿಡ್ಡ ರೋಮ ಟವೆಲಿನಿಂದ ಒರೆಸಿದರೆ ಒಣಗುತ್ತದೆ.

ಗಿಡ್ಡ ರೋಮದ ಕನ್ನಡ ನಾಡಿನ ತಳಿಯೇ ಬೇಕೆನ್ನುವವರಿಗೆ ಮುಧೋಳ ನಾಯಿ ನೆನಪಾಗುವುದು ಸಹಜ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ನಾಯಿ ಅದು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದರ ಸಂಶೋಧನಾ ಕೇಂದ್ರವೂ ಇದೆ. ಆದರೆ ಅದು ಬಯಲಿನಲ್ಲಿ ಮೊಲ ಅಟ್ಟಿಸಿಕೊಂಡು ಓಡಲೆಂದು ಬೆಳೆದದ್ದು. ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕಿದರೆ ಅದಕ್ಕೆ ಮಾಡುವ ಅನ್ಯಾಯ. ದಿನವೂ ಓಡಿಸಬಲ್ಲವರಿಗೆ ಮಾತ್ರ ಅದು ಸರಿ. ಅಲರ್ಜಿಯ ವಿಷಯದಲ್ಲಿ ಅದಕ್ಕೂ ವಿಶೇಷ ರಿಯಾಯಿತಿಯಿಲ್ಲ.

ನಾಯಿ ಹುಡುಕುವ ಮೊದಲು ಇನ್ನೊಂದು ಅನುಮಾನ ಬಗೆಹರಿಯಬೇಕು: ಸೀನು ನಾಯಿಯದ್ದೇ? ನಮ್ಮ ದೇಶದಲ್ಲಿ ಅಲರ್ಜಿ ಪರೀಕ್ಷೆಗಳಲ್ಲಿ ಮೇಲಿಂದ ಮೇಲೆ ಸಿಕ್ಕಿಬೀಳುವವು ಮನೆಧೂಳಿನ ನುಸಿ ಮತ್ತು ಜಿರಲೆ. ತೆಂಗಿನ ಕಾಯಿ ಕೆಡಿಸುವ ನುಸಿಯ ದೂರದ ಬಂಧು ಈ ಧೂಳು ನುಸಿ. ಕಣ್ಣಿಗೆ ಕಾಣದು. ಹಾಸಿಗೆ, ದಿಂಬುಗಳಲ್ಲಿದ್ದುಕೊಂಡು ನಾವು ಉದುರಿಸುವ ಚರ್ಮದ ಹೊಟ್ಟು ತಿನ್ನುತ್ತದೆ. ನೀರು ಕುಡಿಯದೆ ಗಾಳಿಯ ತೇವವನ್ನೇ ಹೀರುತ್ತದೆ, ಆದ್ದರಿಂದ ತೇವದ ಊರೆಂದರೆ ಅದಕ್ಕೆ ಪ್ರಾಣ. ಬೆಳಗ್ಗೆ ಏಳುತ್ತಲೇ ಸಾಲುಸಾಲು ಸೀನು ಬರುವವರಿಗೆ ನಾಯಿಗಿಂತ ಹತ್ತಿಯ ಹಾಸಿಗೆಯ ಮೇಲೆ ಮೊದಲು ಸಂಶಯ ಬರಬೇಕು. ಖಾಲಿ ಸೈಟುಗಳಲ್ಲಿ ಬೆಳೆದ ಪಾರ್ಥೇನಿಯಂನ ಪರಾಗ, ಗೋಡೆಯ ಬೂಷ್ಟು, ಅಡಿಕೆ ಸುಲಿಯುವ ದಿನಗಳ ದೂಳು, ಇವೂ ಮೂಗನ್ನು ಕೆಣಕುತ್ತವೆ. ಪರೀಕ್ಷೆ ಮಾಡಿಸದೆ ನಾಯಿಗೆ ದೂರು ಹೊರಿಸಿದರೆ ನಾಯಿ ಹೋದರೂ ಸೀನು ಉಳಿಯುತ್ತದೆ.

ಚರ್ಮ ಪರೀಕ್ಷೆ ಸರಳ. ಮುಂಗೈ ಮೇಲೆ ಬೇರೆಬೇರೆ ಅಲರ್ಜಿಕಾರಕಗಳ ಒಂದೊಂದು ಹನಿ ಇಟ್ಟು, ಸೂಜಿಮೊನೆಯಿಂದ ಮೆಲ್ಲಗೆ ಚುಚ್ಚಿ, ಹದಿನೈದು-ಇಪ್ಪತ್ತು ನಿಮಿಷದ ನಂತರ ಎದ್ದ ಗುಳ್ಳೆಯನ್ನು ಅಳೆಯುತ್ತಾರೆ. 3 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ದೇಹ ಅದನ್ನು ಗುರುತಿಟ್ಟುಕೊಂಡಿದೆ ಎಂದರ್ಥ. ಸೆಟ್ರಿಜಿನ್‌ನಂಥ ಮಾತ್ರೆ ನುಂಗುತ್ತಿದ್ದರೆ ಗುಳ್ಳೆ ಏಳುವುದಿಲ್ಲ. ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರೇ ಹೇಳುತ್ತಾರೆ. ಗುಳ್ಳೆ ಎದ್ದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆಂದಲ್ಲ. ಪರೀಕ್ಷೆಯ ಜೊತೆಗೆ ಅನುಭವವೂ ತಾಳೆಯಾಗಬೇಕು.

ಆ ಅನುಭವಕ್ಕೆ ದಾರಿ ಒಂದೇ: ತರಬೇಕೆಂದಿರುವ ನಾಯಿಯ ಜೊತೆಯೇ ಸಮಯ ಕಳೆಯುವುದು. ಒಮ್ಮೆ ಮುದ್ದಾಡಿ ಬಂದರೆ ಸಾಲದು. ಮುಚ್ಚಿದ ಕೋಣೆಯಲ್ಲಿ ಒಂದೆರಡು ತಾಸು, ಹಲವು ದಿನ. ಮಗುವಿಗೆ ಆಸ್ತಮಾ ಇದ್ದರೆ ಇದನ್ನೂ ವೈದ್ಯರನ್ನು ಕೇಳಿ, ಇನ್‌ಹೇಲರ್ ಕೈಯಲ್ಲಿಟ್ಟುಕೊಂಡೇ ಮಾಡಬೇಕು. ಎಳೆಯ ಗಂಡು ಮರಿ ಇಂದು ತೊಂದರೆ ಕೊಡಲಿಲ್ಲವೆಂದು ಪ್ರಾಯಕ್ಕೆ ಬಂದ ಮೇಲೂ ಕೊಡದೆಂದು ತಿಳಿಯಬಾರದು. ಈ ಲೆಕ್ಕದಲ್ಲಿ ಬೆಳೆದ ನಾಯಿಯನ್ನು ತರುವುದು ಹೆಚ್ಚು ಭದ್ರ. ನೋಡಿದ್ದೇ ಮುಂದೆ ಸಿಗುವುದೂ ಹೌದು.

ಇನ್ನು ಮನೆ. ಮಲೆನಾಡಿನ ಹಳೆಯ ಮನೆಗಳಲ್ಲಿ ನಾಯಿಯ ಜಾಗ ಜಗಲಿ, ಅಂಗಳ. ಭದ್ರಾವತಿಯ ನ್ಯೂಟೌನ್, ಕಾಗದನಗರದ ಕ್ವಾರ್ಟರ್ಸ್ ಬದಿಯಲ್ಲಿ ಹಿತ್ತಿಲಿರುವ ಮನೆಗಳವರಿಗೆ ಆ ಅನುಕೂಲ ಇನ್ನೂ ಇದೆ. ಶಿವಮೊಗ್ಗದ ಹೊಸ ಬಡಾವಣೆಗಳ ಅಪಾರ್ಟ್‌ಮೆಂಟಿನಲ್ಲಿ ಇಲ್ಲ. ಎಲ್ಲಿದ್ದರೂ ಒಂದು ನಿಯಮ ಸಡಿಲಿಸುವಂತಿಲ್ಲ: ಅಲರ್ಜಿಯಿದ್ದವರು ಮಲಗುವ ಕೋಣೆಗೆ ನಾಯಿ ಕಾಲಿಡಬಾರದು, ಒಂದು ದಿನವೂ. ನಮ್ಮ ಮನೆಗಳ ರೆಡ್ ಆಕ್ಸೈಡ್, ಟೈಲ್ಸ್ ನೆಲ ಇಲ್ಲಿ ದೊಡ್ಡ ವರ. ಕಾರ್ಪೆಟ್ಟು ಹಿಡಿದಿಡುವ ಕಣಗಳು ಇಲ್ಲಿ ಒದ್ದೆ ಬಟ್ಟೆಯಲ್ಲೇ ಬರುತ್ತವೆ. ಒಣ ಪೊರಕೆಯಲ್ಲಿ ಗುಡಿಸಿದರೆ ಮಾತ್ರ ಮೇಲೆದ್ದು ಫ್ಯಾನಿನ ಗಾಳಿಗೆ ಸಿಗುತ್ತವೆ. ನಾಯಿಗೆ ಸ್ನಾನ ಮಾಡಿಸಿದರೆ ಕ್ಯಾನ್ ಎಫ್ 1 ಇಳಿಯುವುದು ನಿಜ, ಆದರೆ ಮೂರ್ನಾಲ್ಕು ದಿನಕ್ಕೆ ಮತ್ತೆ ಮೊದಲಿನಂತೆ; ಪ್ರಯೋಜನ ಉಳಿಯಲು ವಾರಕ್ಕೆರಡು ಸ್ನಾನ ಬೇಕೆಂದು 1999ರ ಒಂದು ಅಧ್ಯಯನ ಹೇಳಿತು. ಬೇಸಿಗೆಗೆ ಸರಿ. ಜುಲೈ ತಿಂಗಳಿನಲ್ಲಿ ನಾಯಿಯ ಮೈ ಒಣಗಿಸಲಾಗದಿದ್ದರೆ ಸ್ನಾನವೇ ಚರ್ಮರೋಗ ತಂದೀತು. ಆಗ ಒದ್ದೆ ಬಟ್ಟೆಯಿಂದ ಒರೆಸಿ, ಹೊರಗೆ ನಿಂತು ಬಾಚುವುದೇ ಲೇಸು. ಬಾಚುವವರು ಅಲರ್ಜಿ ಇಲ್ಲದವರಾಗಿರಲಿ.

"ಕೂಡಿ ಇದ್ದರೆ ಒಗ್ಗಿಹೋಗುತ್ತೆ ಬಿಡಿ" ಎಂದು ಹಿರಿಯರು ಹೇಳುವುದುಂಟು. ಹುಟ್ಟಿದ ಮೊದಲ ವರ್ಷದಲ್ಲೇ ನಾಯಿಯ ಒಡನಾಟ ಸಿಕ್ಕ ಮಕ್ಕಳಲ್ಲಿ ಶಾಲೆಯ ವಯಸ್ಸಿಗೆ ಆಸ್ತಮಾ ಶೇ 13ರಷ್ಟು ಕಡಿಮೆ ಕಂಡದ್ದನ್ನು ಸ್ವೀಡನ್ನಿನ 2015ರ ಅಧ್ಯಯನ ದಾಖಲಿಸಿದೆ. ಆದರೆ ಅಲರ್ಜಿ ಈಗಾಗಲೇ ನೆಲೆಯೂರಿದವರಿಗೆ ಆ ಭರವಸೆ ಹೊಂದುವುದಿಲ್ಲ. ಅವರಲ್ಲಿ ದಿನದಿನದ ಒಡನಾಟ ಶ್ವಾಸನಾಳದ ಉರಿಯೂತವನ್ನು ಒಳಗೊಳಗೇ ಬೆಳೆಸಬಹುದು, ಸೀನು ಕಡಿಮೆಯಾದಂತೆ ಕಂಡರೂ. ರಾತ್ರಿ ಉಬ್ಬಸದಿಂದ ಎಚ್ಚರವಾಗುವ, ವಾರದಲ್ಲಿ ಹಲವು ಬಾರಿ ಇನ್‌ಹೇಲರ್ ಬಳಸಬೇಕಾಗುವ, ಆಸ್ಪತ್ರೆ ಸೇರಿ ಬಂದ ಮಗುವಿರುವ ಮನೆಗೆ ಸದ್ಯ ನಾಯಿ ಬೇಡ, ಹೆಣ್ಣಾದರೂ ಬೇಡ. ಕಾಯಿಲೆ ಹತೋಟಿಗೆ ಬಂದ ಮೇಲೆ ಮತ್ತೆ ಯೋಚಿಸಬಹುದು.

ಉಳಿದವರೂ ನಾಯಿ ತರುವ ಮುಂಚೆಯೇ ಒಂದು ಏರ್ಪಾಡು ಮಾಡಿಕೊಳ್ಳಬೇಕು. ಎಲ್ಲ ಎಚ್ಚರ ವಹಿಸಿಯೂ ಒಗ್ಗದೇ ಹೋದರೆ ಅದನ್ನು ಯಾರು ಸಾಕುತ್ತಾರೆ? ಅತ್ತೆಯ ತೋಟದ ಮನೆಯೋ, ಪಕ್ಕದ ಬೀದಿಯ ಸ್ನೇಹಿತರೋ, ಯಾರಾದರೂ ಸರಿ, "ನಾವು ನೋಡಿಕೊಳ್ಳುತ್ತೇವೆ" ಎಂಬ ಮಾತು ಮೊದಲೇ ಸಿಕ್ಕಿರಲಿ. ಆ ಮನೆಯವರು ಮರಿಯನ್ನು ಮೊದಲ ದಿನದಿಂದಲೇ ಆಗಾಗ ಬಂದು ನೋಡುತ್ತಿರಲಿ, ಅದಕ್ಕೂ ಅವರ ವಾಸನೆ ಪರಿಚಯವಾಗುತ್ತದೆ. ನಾಯಿ ಹೋದ ಮೇಲೂ ಅದರ ಪ್ರೋಟೀನು ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಸಿಗೆ ಬಿಸಿಲಿಗೆ ಹಾಕಿ, ಪರದೆ ತೊಳೆದು, ಗೋಡೆ ಒರೆಸಿ, ಸೀನು ಇಳಿಯಲು ಅಷ್ಟು ಕಾಲ ಕೊಡಬೇಕು.