ಪುಣೆ-ಬೆಂಗಳೂರು ಕಬಡ್ಡಿ: ಧನಕವಡಿಯ ಮನೆಗಳಲ್ಲಿ ಎರಡು ಪಕ್ಷ

ಪುಣೆ: ಸಾತಾರಾ ರಸ್ತೆಯಲ್ಲಿ ಶಂಕರ ಮಹಾರಾಜರ ಮಠ, ಭಾರತಿ ವಿದ್ಯಾಪೀಠಗಳ ಆಸುಪಾಸಿನಲ್ಲಿ ಹರಡಿಕೊಂಡಿರುವ ಧನಕವಡಿಯ ಕನ್ನಡಿಗರ ಮನೆಗಳಲ್ಲಿ ಪ್ರೊ ಕಬಡ್ಡಿ ಶುರುವಾದರೆ ಟಿ.ವಿ. ಮುಂದೆ ಎರಡು ಪಕ್ಷಗಳಾಗುತ್ತವೆ. ಊರು ಬಿಟ್ಟು ಬಂದ ಹಿರಿಯರು ಬೆಂಗಳೂರು ಬುಲ್ಸ್ ಎಂದರೆ, ಇಲ್ಲೇ ಹುಟ್ಟಿ ಮರಾಠಿ ಗೆಳೆಯರ ಜೊತೆ ಬೆಳೆದ ಮಕ್ಕಳು ಪುಣೇರಿ ಪಲ್ಟನ್ ಎನ್ನುತ್ತಾರೆ. "ಅನ್ನ ಕೊಟ್ಟ ಊರಿಗೆ ಜೈ ಅನ್ನಬಾರದಾ ಅಪ್ಪಾ?" ಎಂದು ಮಗ ಕೇಳಿದರೆ ಅಪ್ಪನ ಬಾಯಿ ಕಟ್ಟುತ್ತದೆ.

ಈ ಎರಡು ತಂಡಗಳು ಮತ್ತೆ ಎದುರಾದಾಗ, ಅದರಲ್ಲೂ ಪ್ಲೇಆಫ್‌ನಲ್ಲಿ ಎದುರಾದರೆ, ಗೆಲ್ಲುವವರು ಯಾರು? ಹೇಳುವುದು ಸುಲಭವಲ್ಲ. 2025ರ ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ನಡೆದ ಪಂದ್ಯ 40 ನಿಮಿಷ ಕಳೆದ ಮೇಲೂ 32-32. ಬ್ಯಾಂಕಿನ ಲೆಡ್ಜರಿನಂತೆ ಎರಡೂ ಕಡೆ ತಾಳೆ! ಕೊನೆಗೆ ಟೈಬ್ರೇಕರ್‌ನಲ್ಲಿ ಪುಣೆ 6-4ರಿಂದ ಗೆದ್ದಿತು.

ಟೈಬ್ರೇಕರ್ ಎಂದರೆ ಎರಡೂ ತಂಡಗಳಿಗೆ ತಲಾ ಐದು ರೈಡ್. ಔಟಾದವರು ಹೊರಗೆ ಹೋಗುವಂತಿಲ್ಲ, ಏಳು ಮಂದಿಯೂ ಅಂಕಣದಲ್ಲೇ ಇರುತ್ತಾರೆ, ಬಾಕ್ ಗೆರೆ ದಾಟಿದರೇ ಬೋನಸ್. ಮುಖ್ಯ ವಿಷಯವೆಂದರೆ ಐದು ರೈಡಿಗೆ ಐದು ಬೇರೆ ಬೇರೆ ಆಟಗಾರರು ಹೋಗಬೇಕು. ಒಬ್ಬನೇ ಶೂರನನ್ನು ನಂಬಿದ ತಂಡಕ್ಕೆ ಇಲ್ಲಿ ಕಷ್ಟ. ಆ ವರ್ಷ ಬೆಂಗಳೂರಿನ ರೈಡಿಂಗ್ ಭಾರ ಹೊತ್ತವರು ಇರಾನಿನ ಅಲಿರೆಜಾ ಮಿರ್ಜಾಯಿಯನ್. ಪುಣೆಯಲ್ಲಾದರೆ ನಾಯಕ ಅಸ್ಲಂ ಇನಾಮದಾರ್, ಪಂಕಜ್ ಮೋಹಿತೆ ಮುಂತಾದವರು ಹಂಚಿಕೊಂಡು ಆಡಿದರು. ಆದುದರಿಂದ ಸಮಬಲದ ಪಂದ್ಯದಲ್ಲಿ ಮೊದಲ ರೈಡರ್‌ಗಿಂತ ನಾಲ್ಕನೆಯ, ಐದನೆಯ ರೈಡರ್ ಯಾರೆಂದು ನೋಡಬೇಕು.

ಇನ್ನು ಕೊನೆಯ ಐದು ನಿಮಿಷ. ಸತತ ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದು ಮಾಡು ಇಲ್ಲವೇ ಮಡಿ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ರೈಡರ್‌ನನ್ನು ಹಿಡಿದರೆ ಎರಡು ಅಂಕ. ಸೋತೆವು ಎಂದು ಚಹಾಕ್ಕೆ ಎದ್ದು ಹೋದವರು ಮರಳಿ ಬರುವಷ್ಟರಲ್ಲಿ ಲೆಕ್ಕ ತಿರುಗಿರುತ್ತದೆ.

ಆದರೆ ಅಪ್ಪ-ಮಕ್ಕಳ ಜಗಳಕ್ಕೆ ನಿಜವಾದ ತೊಡಕು ಇನ್ನೊಂದಿದೆ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಮಣಿಸಿ ಪುಣೆ ಮೊದಲ ಸಲ ಕಪ್ ಎತ್ತಿದಾಗ ತರಬೇತುದಾರರಾಗಿದ್ದವರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್! ಅರ್ಜುನ ಪ್ರಶಸ್ತಿ ಪುರಸ್ಕೃತರಾದ ಅವರು 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನೂ ಗೆಲ್ಲಿಸಿದ್ದರು. 2024ರ ಕೊನೆಯಲ್ಲಿ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ತಳಕ್ಕೆ ಬಿದ್ದಿದ್ದ ಬೆಂಗಳೂರು, 2025ರಲ್ಲಿ ಅದೇ ರಮೇಶ್ ಕೈಗೆ ಬಂದ ಮೇಲೆ ಲೀಗ್ ಹಂತದಲ್ಲಿ ಮೂರನೇ ಸ್ಥಾನಕ್ಕೆ ಏರಿತು. ಅಂದರೆ ಪುಣೆ ಗೆದ್ದಾಗಲೂ ಅಪ್ಪನಿಗೆ ಹೆಮ್ಮೆಪಡಲು ಕಾರಣವಿತ್ತು. ಬೆಂಗಳೂರು ಎದ್ದಾಗ ಮಗನಿಗೂ ಪರಿಚಿತ ಮುಖವೇ ಕಂಡಿತು.

ಆ ವರ್ಷ ಪ್ಲೇಆಫ್‌ನಲ್ಲಿ ಬೆಂಗಳೂರಿಗೆ ಫೈನಲ್ ಸಿಗಲಿಲ್ಲ. ಪುಣೆ ಫೈನಲ್ ತಲುಪಿ, ಅಕ್ಟೋಬರ್ 31ರಂದು ದಬಂಗ್ ದೆಹಲಿಗೆ 28-31ರಿಂದ ಸೋತಿತು. ಮೂರೇ ಅಂಕ. ಎರಡೂ ಪಕ್ಷದವರು ಆ ರಾತ್ರಿ ಸಪ್ಪೆ ಮುಖದಲ್ಲೇ ಊಟಕ್ಕೆ ಕೂತಿರಬೇಕು.

2024ರ ಡಿಸೆಂಬರಿನಲ್ಲಿ ಪ್ಲೇಆಫ್, ಫೈನಲ್‌ಗಳು ಬಾಲೇವಾಡಿಯಲ್ಲೇ ನಡೆದವು, ಆದರೆ ಆಗ ಈ ಎರಡು ತಂಡಗಳೂ ಇರಲಿಲ್ಲ. ಮುಂದೆಂದಾದರೂ ಅಲ್ಲಿ ಇವರಿಬ್ಬರ ಪಂದ್ಯ ಬಿದ್ದರೆ ಕೆಂಪು ಅಂಗಿ, ಕಿತ್ತಳೆ ಅಂಗಿ ಎರಡೂ ಒಂದೇ ಮನೆಯಿಂದ ಹೊರಡಬೇಕಾಗುತ್ತದೆ. ಧನಕವಡಿಯಿಂದ ಬಾಲೇವಾಡಿ ಪಟ್ಟಣದ ಇನ್ನೊಂದು ತುದಿ, ಸಂಜೆಯ ಟ್ರಾಫಿಕ್ ಬೇರೆ. ಆಫೀಸಿಗೆ ಅರ್ಧ ದಿನ ರಜೆ ಬರೆದಿಡುವುದು ಒಳ್ಳೆಯದು.